ಕಲ್ಲು ತೊಳೆದ ಶ್ರಾವಣ

ಹೆಂಡತಿ ಜಯಮ್ಮ ತೀರಿಕೊಂಡು ಸೂತಕ ಕಳೆದ ಮೇಲೆ ಮೊದಲ ಸಲ ಗುಡಿಯ ಬೀಗ ತೆಗೆದದ್ದು ಒಂದು ಮಂಗಳವಾರ. ಹಿಂದಿನ ಸಂಜೆ ಮಳೆ ಬಿದ್ದಿತ್ತು. ಬಾಗಿಲು ತಳ್ಳಿದ ಕೂಡಲೇ ಒದ್ದೆಯಾದ ಬಳಪದ ಕಲ್ಲಿನ ವಾಸನೆ ಮುಖಕ್ಕೆ ಬಂತು. ಶಾಲೆಯಲ್ಲಿ ಸ್ಲೇಟಿಗೆ ನೀರು ಹಾಕಿ ಒರೆಸಿದಾಗ ಬರುತ್ತಿದ್ದ ವಾಸನೆ ಅದು, ಜೊತೆಗೆ ಸ್ವಲ್ಪ ಎಣ್ಣೆಜಿಡ್ಡು, ಸ್ವಲ್ಪ ಬಾವಲಿ. ಹನ್ನೆರಡು ವರ್ಷದಿಂದ ಈ ಗುಡಿಯನ್ನು ನೋಡಿಕೊಳ್ಳುತ್ತಿರುವವನು ನಾನು, ಆ ವಾಸನೆ ನನಗೆ ಹೊಸದಲ್ಲ. ಆದರೂ ಆ ಬೆಳಿಗ್ಗೆ ಒಳಗೆ ಕಾಲಿಡಲು ಆಗಲಿಲ್ಲ. ಹೊಸ್ತಿಲ ಹೊರಗೇ ಕೂತುಬಿಟ್ಟೆ. ಒಂದು ಶ್ರಾವಣ ಸೋಮವಾರ ಇದೇ ವಾಸನೆ ಜಯಮ್ಮನ ಸೀರೆಯ ತುಂಬ ಇತ್ತು.

ನಮ್ಮೂರು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಿಂದ ಒಳಕ್ಕೆ ತಿರುಗಿದರೆ ಸಿಗುತ್ತದೆ. ಊರ ಮೂಡಲಿಗೆ ಒಂದೇ ಆವರಣದಲ್ಲಿ ಎರಡು ಕಟ್ಟಡ. ಒಂದು ಈಶ್ವರನ ಗುಡಿ, ಇನ್ನೊಂದು ಬಸದಿ. ಎರಡೂ ಹೊಯ್ಸಳರ ಕಾಲದವು. ನಡುವೆ ನಿಂತಿರುವ ಶಾಸನದ ಕಲ್ಲನ್ನು ಓದಿದವರು ಹೇಳುವುದು ಇಷ್ಟು: ಈ ಸೀಮೆಯನ್ನು ಆಳುತ್ತಿದ್ದ ಅಧಿಕಾರಿಯೊಬ್ಬ ಶಿವನನ್ನು ನಂಬಿದವನು, ಅವನ ಹೆಂಡತಿ ಜಿನನನ್ನು ನಂಬಿದವಳು. ಅವನು ಗುಡಿ ಕಟ್ಟಿಸಿದ, ಅವಳು ಪಕ್ಕದಲ್ಲೇ ಬಸದಿ ಕಟ್ಟಿಸಿದಳು. ಗಂಡನ ಬಿರುದುಗಳೇ ಕಲ್ಲಿನ ಮುಕ್ಕಾಲು ಭಾಗ ತುಂಬಿವೆ. ಹೆಂಡತಿಯ ವಿಷಯ ಕೆಳಗೆ ಮಣ್ಣಿಗೆ ಹತ್ತಿರ, ಎರಡೇ ಸಾಲು.

ಕೆಲಸ ಮಾಡಿದ ಶಿಲ್ಪಿಗಳು ಒಂದೇ ತಂಡದವರು ಇರಬೇಕು. ಎರಡಕ್ಕೂ ಗರ್ಭಗುಡಿ, ಅದರ ಮುಂದೆ ಸುಕನಾಸಿ ಅನ್ನುವ ಸಣ್ಣ ಅಂಕಣ, ಅದರ ಮುಂದೆ ನಾಲ್ಕು ಕಂಬದ ನವರಂಗ ಮಂಟಪ. ಕಂಬಗಳೂ ಒಂದೇ ಅಳತೆ. ತಿರುಗಣೆಗೆ ಕೊಟ್ಟು ಕಡೆದಂತೆ ಉಂಗುರ ಉಂಗುರವಾಗಿವೆ. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲ. ಒಂದರ ತೋಡಿನಲ್ಲಿ ಇನ್ನೊಂದರ ಗೂಟ ಕೂತು, ಬರೀ ತೂಕದ ಮೇಲೆ ನಿಂತಿವೆ. ಯಾವುದು ಯಾರದು ಎಂದು ತಿಳಿಯಬೇಕಾದರೆ ಬಾಗಿಲ ಮೇಲಿನ ಪಟ್ಟಿ ನೋಡಬೇಕು. ಗುಡಿಯದರಲ್ಲಿ ಗಜಲಕ್ಷ್ಮಿ, ಬಸದಿಯದರಲ್ಲಿ ಪದ್ಮಾಸನ ಹಾಕಿ ಕೂತ ಜಿನ. ಊರಲ್ಲಿ ಜೈನರ ಮನೆ ಒಂದೂ ಉಳಿದಿಲ್ಲ. ಶ್ರವಣಬೆಳಗೊಳದ ಕಡೆಯಿಂದ ಯಾರೋ ವರ್ಷಕ್ಕೊಮ್ಮೆ ಬಂದು ಬಸದಿಯ ಮೂರ್ತಿಗೆ ಹಾಲೆರೆದು ಹೋಗುತ್ತಿದ್ದರು, ಮಿಕ್ಕ ದಿನ ಅಲ್ಲಿ ಹುಲ್ಲಿನ ಹೊರೆ ಇರುತ್ತಿತ್ತು. ಎರಡಕ್ಕೂ ನಮ್ಮ ಹಿಂದಿನವರು ಹಬ್ಬ ಬಂದಾಗಲೆಲ್ಲ ಸುಣ್ಣ ಬಳಿದಿದ್ದರು. ಒಳಗಿನ ಕಂಬದ ಕೆತ್ತನೆಯೆಲ್ಲ ಆ ಬಿಳಿ ಹೆಪ್ಪಿನ ಅಡಿಯಲ್ಲಿ ಮುಚ್ಚಿಹೋಗಿತ್ತು.

ಹನ್ನೆರಡು ವರ್ಷದ ಹಿಂದೆ ಅರಳಿ ಬೇರು ಚಾವಣಿಯ ಕಲ್ಲನ್ನು ಎತ್ತಿಬಿಟ್ಟಿತು. ಮಳೆ ನೀರು ಲಿಂಗದ ಮೇಲೇ ಸುರಿಯತೊಡಗಿತು. ಎರಡೂ ಕಟ್ಟಡವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ತಳಪಾಯ ಗಟ್ಟಿ ಮಾಡಿ, ಮತ್ತೆ ಹಾಗೇ ಜೋಡಿಸುವುದು ಎಂದು ಊರಿನ ಸಮಿತಿ ತೀರ್ಮಾನಿಸಿತು. ಕೆಲಸ ಹಿಡಿದವರು ಅರಕಲಗೂಡಿನ ಕಡೆಯ ನಂಜುಂಡಾಚಾರ್ರು. ಕಲ್ಲಿಗೆ ನಂಬರು ಬರೆಯಲು ಅವರಿಗೆ ಒಬ್ಬ ಬೇಕಾಗಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದ್ದರು. ಪಿಯುಸಿ ಎರಡು ಸಲ ಕಟ್ಟಿ ಬಿಟ್ಟವನು ನಾನು. ತೆಂಗಿನ ತೋಟದ ಕೆಲಸ ಮೈಗೆ ಹತ್ತಿರಲಿಲ್ಲ. ಇದನ್ನು ಅಚ್ಚುಕಟ್ಟಾಗಿ ಮುಗಿಸಿದರೆ ಮುಂದೆ ಗುಡಿ ನೋಡಿಕೊಳ್ಳುವ ಕೆಲಸ ನಿನಗೇ ಎಂದು ಸಮಿತಿಯವರು ಮಾತು ಕೊಟ್ಟರು.

“ನೋಡು ರಂಗಸ್ವಾಮಿ, ಬಿಚ್ಚಾದು ಎಂಥಾ ದಡ್ಡನಿಗೂ ಬತ್ತದೆ,” ಅಂದರು ಆಚಾರ್ರು ಮೊದಲ ದಿನ. “ಜೋಡಿಸ್ವಾಗ ನೀನ್ ಬರ್ದಿರೋ ನಂಬ್ರೇ ನಮ್ಗೆ ದೇವ್ರು ಕಣಯ್ಯ. ಅದೊಂದ್ ಅಳ್ಸೋದ್ರೆ ಇದು ಗುಡಿ ಅಲ್ಲ, ಜಲ್ಲಿ ರಾಶಿ.”

ಗೋಡೆ ಬಿಚ್ಚಿದಾಗ ಕಲ್ಲುಗಳ ಒಳಮುಖದಲ್ಲಿ ಹಳೆಯ ಗುರುತುಗಳು ಕಂಡವು. ಒಂದರಲ್ಲಿ ಮೀನು, ಒಂದರಲ್ಲಿ ಶಂಖ, ಒಂದರಲ್ಲಿ ಬರೀ ಮೂರು ಗೀಟು. ಆಚಾರ್ರು ಅದರ ಮೇಲೆ ಬೆರಳಾಡಿಸಿ, “ಅವ್ರೂ ನಂಬ್ರು ಆಕವ್ರೆ ನೋಡು. ಉಳೀಲಿ ಆಕವ್ರೆ,” ಅಂದರು.

ನಾವು ಉಳಿಯಲ್ಲಿ ಹಾಕುವ ಹಾಗಿರಲಿಲ್ಲ. ಗುಡಿಯ ಕಲ್ಲಿಗೆ ‘ಈ’, ಬಸದಿಯ ಕಲ್ಲಿಗೆ ‘ಬ’, ಆಮೇಲೆ ದಿಕ್ಕು, ಕೆಳಗಿನಿಂದ ಎಷ್ಟನೇ ವರಸೆ, ಸಂಖ್ಯೆ. ಮೊದಲು ಕೆಮ್ಮಣ್ಣು ಕಲಸಿ ಬರೆಯಬೇಕು. ಅದನ್ನು ನಕ್ಷೆಯ ಜೊತೆ ತಾಳೆ ನೋಡಿ, ಸರಿ ಇದ್ದರೆ ಮೇಲೆ ಕೆಂಪು ಪೇಂಟು ತೀಡಬೇಕು. ಮುಖದ ಕೆತ್ತನೆ ಕೆಡದಿರಲಿ ಎಂದು ಬರೆಯುವುದೆಲ್ಲ ಹಿಂಬದಿಗೆ, ಕಂಬವಾದರೆ ಬುಡದ ಅಡಿಗೆ. ಕಲ್ಲುಗಳನ್ನು ಪಕ್ಕದ ಬೀಳುಹೊಲದಲ್ಲಿ ಸಾಲಾಗಿ ಮಲಗಿಸಿ ಮೇಲೆ ಟಾರ್ಪಾಲು ಹೊದಿಸುತ್ತಿದ್ದರು.

ಮಧ್ಯಾಹ್ನದ ಬುತ್ತಿ ತರುತ್ತಿದ್ದ ಜಯಮ್ಮ ನಾನು ಬರೆಯುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು. ಹೊಳೆನರಸೀಪುರದ ಕಡೆಯವಳು, ಏಳನೇ ಕ್ಲಾಸು ಓದಿದ್ದಳು, ಬಾಯಿ ಚುರುಕು.

“ಕಲ್ಲಿನ್ ಬೆನ್ ಮೇಲೆ ಇಷ್ಟ್ ಚೆಂದಾಗ್ ಬರೀತೀರಲ್ಲ, ಜೋಡ್ಸಿದ್ ಮೇಲೆ ಓದೋರ್ ಯಾರು? ಹಲ್ಲಿಯ?”

“ನೀನ್ ಓದು.”

“ನನ್ಗೆ ಒಂದ್ ಕಾಗ್ದ ಬರೀಲಿಲ್ಲ ಮದ್ವೇಗ್ ಮುಂಚೆ. ಕಲ್ಲಿಗ್ ಬರೀತಾ ಕುಂತವ್ರೆ.”

ಆಷಾಢ ಬಂತು. ಸುರಿದು ನಿಲ್ಲುವ ಮಳೆಯಲ್ಲ, ಮೂರು ಹೊತ್ತೂ ಹಿಟ್ಟು ಜರಡಿ ಹಿಡಿದಂತೆ ಸೋನೆ. ಪೇಂಟು ಒಣಗುತ್ತಿರಲಿಲ್ಲ. ಗುಡಿಯ ಗೋಡೆ ಕಲ್ಲುಗಳಿಗೆ ಹೇಗೋ ತೀಡಿ ಮುಗಿಸಿದ್ದೆ. ಕಂಬಗಳು ಮತ್ತು ಬಸದಿಯ ಕಲ್ಲುಗಳು ಕೆಮ್ಮಣ್ಣಿನಲ್ಲೇ ಉಳಿದವು. ಬಿಸಿಲು ಬಂದ ದಿನ ತೋಟದಲ್ಲಿ ಕಾಯಿ ಕೀಳಿಸುವುದು, ಚನ್ನರಾಯಪಟ್ಟಣದ ಮಾರುಕಟ್ಟೆಗೆ ಹೋಗುವುದು, ಒಂದು ಮದುವೆ, ಒಂದು ತಿಥಿ. ನಾಳೆ ಮಾಡಿದರಾಯಿತು ಎಂದು ಮೂರು ವಾರ ತಳ್ಳಿದೆ. ಆಚಾರ್ರು ಬೇರೆ ಕೆಲಸಕ್ಕೆ ಅರಕಲಗೂಡಿಗೆ ಹೋಗಿದ್ದರು. ಅಲ್ಲಿಂದ ಫೋನು ಮಾಡಿ, “ಎಲ್ಲಾಕೂ ಪೇಂಟ್ ಆಯ್ತೇನಯ್ಯ?” ಎಂದು ಕೇಳಿದರು. “ಆಯ್ತು ಸಾ,” ಅಂದೆ. ಅವರು ಬರುವಷ್ಟರಲ್ಲಿ ಮುಗಿಸುತ್ತೇನಲ್ಲ, ಅದನ್ನು ಸುಳ್ಳು ಅಂತ ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮನೆಯಲ್ಲೂ ಅದನ್ನೇ ಹೇಳಿದೆ.

ಶ್ರಾವಣದ ಮೊದಲ ಭಾನುವಾರ ಸಂಜೆ, ನಾನು ಕಾಯಿ ಎಣಿಸಿ ಮೂಟೆ ಕಟ್ಟುತ್ತಿದ್ದೆ. ಜಯಮ್ಮ ಬಂದು ನಿಂತಳು.

“ಏನೂಂದ್ರೆ, ನಾಳೀಕ್ ಸೋಮ್ವಾರ. ದೇವ್ರ್ ಕಲ್ ಮೇಲೆ ನಾಯಿ ಮನಿಕತವೆ. ಪುಟ್ಟತಾಯಮ್ಮ ಚಿಕ್ಕವ್ವ, ನಾವೆಲ್ಲ ಸೇರ್ಕಂಡು ಒಂದ್ಸತಿ ತೊಳ್ದು ಅರಿಶ್ಣ ಕುಂಕುಮ ಇಕ್ಕಾನ ಅಂತಿದೀವಿ. ನೀವ್ ಬರ್ದಿರೋ ನಂಬ್ರು ಓಗಲ್ವಾ?”

“ಪೇಂಟು ಕಣೆ. ಅದೆಂಗ್ ಓಯ್ತದೆ?”

“ಎಲ್ಲಾಕೂ ಪೇಂಟಾ?”

“ಎಲ್ಲಾಕೂವೆ. ಎಷ್ಟ್ ಸಲ ಯೋಳಾದು?”

ಅವಳು ಹೋದಳು. ಹೆಂಗಸರು ಎರಡು ಚೊಂಬು ನೀರು ಚಿಮುಕಿಸಿ ಕುಂಕುಮ ಇಡುತ್ತಾರೆ, ಅಷ್ಟರಿಂದ ಏನಾಗುತ್ತದೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು. ಬೆಳಿಗ್ಗೆ ಎದ್ದು ಕಾಯಿ ಟ್ರಾಕ್ಟರಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದೆ.

ವಾಪಸು ಬಂದಾಗ ಹೊತ್ತು ಇಳಿಯುತ್ತಿತ್ತು. ಬೀಳುಹೊಲದ ಟಾರ್ಪಾಲುಗಳನ್ನು ಮಡಿಸಿ ಇಟ್ಟಿದ್ದರು. ಆ ಕಲ್ಲುಗಳನ್ನು ಅಷ್ಟು ಚೆಂದವಾಗಿ ನಾನು ಎಂದೂ ಕಂಡಿರಲಿಲ್ಲ. ಸೀಗೆಪುಡಿ, ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ, ಒಂದೊಂದನ್ನೂ ಹಾರೆಯಲ್ಲಿ ಮೀಟಿ ಮಗ್ಗುಲು ತಿರುಗಿಸಿ ಸುತ್ತ ತೊಳೆದಿದ್ದರು. ಎಣ್ಣೆ ಹಚ್ಚಿದ ಕೂದಲಿನಂತೆ ಕಪ್ಪಗೆ ಮಿರುಗುತ್ತಿದ್ದವು. ಸುಣ್ಣದ ಹೆಪ್ಪು ಹಿಡಿದ ಕಂಬಗಳೂ ಹಾಲಿನ ಹಾಗೆ ಬೆಳ್ಳಗಾಗಿದ್ದವು. ಎಲ್ಲಕ್ಕೂ ಅರಿಶಿನ, ಕುಂಕುಮ, ಒಂದೊಂದು ತುಂಬೆ ಹೂವು. ಹೊಲದ ಬದುವಿನ ಗುಂಡಿಯಲ್ಲಿ ನೀರು ನಿಂತಿತ್ತು. ಕೆಂಪಗಿತ್ತು. ಜಯಮ್ಮ ಒಬ್ಬಳೇ ಕಲ್ಲುಗಳ ಹತ್ತಿರ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗುರುವಾರ ಆಚಾರ್ರು ಬಂದರು. ಗುಡಿಯ ಗೋಡೆ ಕಲ್ಲುಗಳ ನಂಬರು ಹಾಗೇ ಇತ್ತು. ಬಸದಿಯ ಸಾಲಿಗೆ ಬಂದವರು ಒಂದು ಕಲ್ಲು ತಿರುಗಿಸಿದರು, ಇನ್ನೊಂದು ತಿರುಗಿಸಿದರು, ಕಂಬದ ಬುಡ ನೋಡಿದರು. ತಲೆಗೆ ಸುತ್ತಿದ್ದ ಟವಲು ತೆಗೆದು ನೆಲದ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟರು. ಸಮಿತಿಯವರಿಗೆ ಹೇಳಿ ಕಳಿಸಿದರು. ಅರ್ಧ ಊರು ಸೇರಿತು.

“ಪೇಂಟ್ ಆಯ್ತು ಅಂದ್ಯಲ್ಲಯ್ಯ?” ಎಂದು ನನ್ನನ್ನು ಕೇಳಿದರು.

“ಆಕಿದ್ದೆ ಸಾ. ಮಳೇಲಿ ಹಸಿ ಇತ್ತು ಅಂತ ಕಾಣ್ತದೆ. ಉಜ್ಜಿಬುಟ್ಟವ್ರೆ.”

ಆಚಾರ್ರು ಕಲ್ಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. ಮಾತಾಡಿದ್ದು ಸಮಿತಿಯ ಹಿರಿಯರು.

“ಯಾರ್ ತೊಳ್ಯಕ್ ಯೋಳಿದ್ದು?”

ಹನ್ನೊಂದು ಜನ ಹೆಂಗಸರು ತೊಳೆದಿದ್ದರು. ಎಲ್ಲರೂ ಅಲ್ಲೇ ಇದ್ದರು, ಸೆರಗು ಹೊದ್ದು, ನೆಲ ನೋಡುತ್ತಾ. ಜಯಮ್ಮ ಮುಂದೆ ಬಂದಳು.

“ನಾನೇ ಕಣಣ್ಣ. ದೇವ್ರ್ ಕಲ್ಲು, ದೂಳ್ ಬಿದ್ದಿತ್ತು.”

“ಗಂಡ ನಂಬ್ರು ಬರೆಯೋನು, ಮನೇಲೇ ಅವ್ನೆ. ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?”

ಅವಳು ನನ್ನ ಕಡೆ ತಿರುಗಿದಳು. ನಾನು ಟಾರ್ಪಾಲಿನ ಹಗ್ಗ ಬಿಚ್ಚುತ್ತಿದ್ದೆ. ಬಿಚ್ಚುವುದು ಏನೂ ಇರಲಿಲ್ಲ, ಅದು ಆಗಲೇ ಬಿಚ್ಚಿತ್ತು.

“ಕೇಳ್ಬೇಕಾಗಿತ್ತು,” ಅಂದಳು.

ಆಮೇಲಿನದೆಲ್ಲ ಕಲ್ಲಿನ ಕೆಲಸ. ಗೋಡೆಗಳನ್ನು ಉಳಿಸಿದ್ದು ಆ ಹಳೆಯ ಶಿಲ್ಪಿಗಳ ಗುರುತುಗಳು. ಮೀನಿನ ಪಕ್ಕ ಮೀನು, ಶಂಖದ ಪಕ್ಕ ಶಂಖ. ಹೊರಮುಖಕ್ಕೆ ಬಿಚ್ಚುವ ಮುಂಚೆ ತೆಗೆದ ಫೋಟೋಗಳಿದ್ದವು. ಒಳಗೆ ಕತ್ತಲಿದ್ದದ್ದರಿಂದ ನವರಂಗದ ಫೋಟೋ ಯಾವುದೂ ಸ್ಪಷ್ಟವಾಗಿರಲಿಲ್ಲ. ಎಂಟು ಕಂಬಕ್ಕೆ ಗುರುತೂ ಇರಲಿಲ್ಲ, ಸುಣ್ಣದ ಅಡಿಯ ಕೆತ್ತನೆಯೂ ಕಾಣುತ್ತಿರಲಿಲ್ಲ, ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವೂ ಇರಲಿಲ್ಲ. ಆಚಾರ್ರು ಮೂರು ದಿನ ಅವುಗಳ ಸುತ್ತ ಓಡಾಡಿ, ಕೊನೆಗೆ ಅಂದಾಜಿನ ಮೇಲೆ ನಿಲ್ಲಿಸಿದರು. ಚಾವಣಿ ಏರಿತು, ಶಿಖರ ಏರಿತು. ಕಡೆಗೆ ಒಳಗಿನ ಸುಣ್ಣ ಕೆರೆಯುವಾಗ ಈಶ್ವರನ ನವರಂಗದ ಆಗ್ನೇಯ ಮೂಲೆಯ ಕಂಬದ ಬುಡದಲ್ಲಿ ಒಂದು ಗೇಣುದ್ದದ ಜಿನ ಹೊರಬಂದ. ತಲೆಯ ಮೇಲೆ ಮೂರು ಕೊಡೆ, ಎರಡೂ ಪಕ್ಕ ಚಾಮರ ಹಿಡಿದವರು. ಬಸದಿಗೆ ಓಡಿಹೋಗಿ ಕೆರೆದು ನೋಡಿದರೆ ಅಲ್ಲಿಯ ಒಂದು ಕಂಬದಲ್ಲಿ ಭೈರವ, ಕಾಲ ಬಳಿ ನಾಯಿ.

ಆಚಾರ್ರು ಅಲ್ಲೇ ಗೋಡೆಗೆ ಒರಗಿದರು. “ಇನ್ ಬಿಚ್ಚಕಾಗಲ್ಲ. ಅಷ್ಟ್ ಕಾಲ ಸರ್ಯಾಗ್ ನಿಂತಿದ್ದನ್ನ ನಾನ್ ಕೆಡಿಸ್ಬುಟ್ಟೆ,” ಅಂದರು. ಮುಗಿದ ಮೇಲೆ ಅವರು ಮತ್ತೆ ಈ ಊರಿಗೆ ಬರಲಿಲ್ಲ.

ಪ್ರತಿಷ್ಠೆಯ ದಿನ ಊರಿನ ಮುತ್ತೈದೆಯರೆಲ್ಲ ಕೆರೆಯಿಂದ ಕಳಶ ಹೊತ್ತು ತಂದರು. ಜಯಮ್ಮನಿಗೆ ಹೇಳಿಕಳಿಸಲಿಲ್ಲ. ಹೊಸ ಸೀರೆ ಉಟ್ಟು ಮಧ್ಯಾಹ್ನದವರೆಗೆ ಕಾದಳು, ಆಮೇಲೆ ಬಿಚ್ಚಿ ಮಡಿಸಿಟ್ಟು ರಾಗಿ ಬೀಸಲು ಹೋದಳು. ಸಮಿತಿಯವರು ನನಗೆ ಕೊಟ್ಟ ಮಾತು ಉಳಿಸಿಕೊಂಡರು. ಪಾಪ, ಹೆಂಡತಿ ಮಾಡಿದ್ದಕ್ಕೆ ಅವನೇನು ಮಾಡುತ್ತಾನೆ ಎಂದು ಗುಡಿಯ ಬೀಗದ ಕೈ ನನ್ನ ಕೈಗೇ ಕೊಟ್ಟರು. ಅವಳಿಗೆ ಒಂದು ಹೆಸರು ಸಿಕ್ಕಿತು, ಕಲ್ ತೊಳ್ದೋಳು. ಯಾರ ಮನೆಯ ಹಸು ಗಬ್ಬ ನಿಲ್ಲದಿದ್ದರೂ, ಯಾರ ಮಗಳ ಸಂಬಂಧ ಮುರಿದರೂ ಬಾವಿಕಟ್ಟೆಯಲ್ಲಿ ಆ ಹೆಸರು ಒಂದು ಸಲ ಬಂದು ಹೋಗುತ್ತಿತ್ತು. ಅವಳು ಗುಡಿಗೆ ಬರುವುದನ್ನು ಬಿಟ್ಟಳು. ನಾನು ಮನೆಗೆ ಬಂದು ಮಂಗಳಾರತಿಯ ತಟ್ಟೆ ಹಿಡಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು, ಅಷ್ಟೆ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಹಾಸನದ ಕಡೆಯಿಂದ ಇತಿಹಾಸದ ಮೇಷ್ಟರೊಬ್ಬರು ಹುಡುಗರನ್ನು ಕರೆದುಕೊಂಡು ಬಂದರು. ಆಗ್ನೇಯದ ಕಂಬದ ಮುಂದೆ ನಿಂತು, “ನೋಡಿ ಇಲ್ಲಿ. ಶಿವನ ನವರಂಗದಲ್ಲಿ ಜಿನ. ಅಲ್ಲಿ ಬಸದಿಯಲ್ಲಿ ಭೈರವ. ಗಂಡ ಹೆಂಡತಿ ಒಬ್ಬರ ದೇವರನ್ನು ಒಬ್ಬರು ಮನೆಗೆ ಕರೆದುಕೊಂಡಿದ್ದಾರೆ. ಇಂಥದ್ದು ಬೇರೆ ಎಲ್ಲಿದೆ ಹೇಳಿ,” ಅಂದರು. ಹುಡುಗರು ಫೋಟೋ ತೆಗೆದುಕೊಂಡರು. ನಾನು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಪೂಜೆಯ ಐನೋರು ಮಾರನೆಯ ದಿನದಿಂದ ಬಂದವರಿಗೆಲ್ಲ ಅದನ್ನೇ ಹೇಳತೊಡಗಿದರು. ಸಮಿತಿಯವರು ಅದನ್ನು ಬರೆಸಿ ಬೋರ್ಡು ಹಾಕಿಸಿದರು. ಕೊನೆಗೆ ನಾನೂ ಹೇಳಿದೆ. ಎಷ್ಟೋ ಜನಕ್ಕೆ ಹೇಳಿದ್ದೇನೆ.

ಜಯಮ್ಮನಿಗೆ ಆ ಸುದ್ದಿ ಮುಟ್ಟಿದಾಗ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು. “ಅಂಗಾರೆ ನಾನೂ ಒಂದ್ ಒಳ್ಳೆ ಕೆಲ್ಸ ಮಾಡ್ದಂಗಾಯ್ತು ಅನ್ನಿ. ಆ ಬೋರ್ಡ್ನಲ್ಲಿ ನನ್ ಎಸ್ರೂ ಆಕ್ಸಿ,” ಎಂದು ನಕ್ಕಳು. ನಾನೂ ನಕ್ಕೆ. ಆ ನಗುವಿಗೆ ನನ್ನನ್ನು ಯಾರಾದರೂ ಹೊಡೆಯಬೇಕಾಗಿತ್ತು.

ಅವಳ ಮೂತ್ರಪಿಂಡ ಕೆಟ್ಟ ಮೇಲೆ ಎರಡು ವರ್ಷ ವಾರಕ್ಕೆ ಎರಡು ಸಲ ಹಾಸನದ ಆಸ್ಪತ್ರೆಗೆ ಹೋಗಿಬರುತ್ತಿದ್ದೆವು. ಬಸ್ಸಿನಲ್ಲಿ ಪಕ್ಕ ಪಕ್ಕ, ಒಂದೂವರೆ ಗಂಟೆ ದಾರಿ. ಅಷ್ಟು ಹೊತ್ತು ನಾವಿಬ್ಬರೇ ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆಗೆದಿದ್ದೇನೆ. ಒಂದು ಸಲ, “ಜಯ, ಆ ಕಲ್ಲಿನ್ ವಿಸ್ಯ,” ಎಂದು ಶುರುವೂ ಮಾಡಿದೆ. ಅವಳು ಕಿಟಕಿಯಿಂದ ತಿರುಗಿ ನೋಡಿದಳು. ಕಾಯುತ್ತಿದ್ದಳು ಅಂತ ಈಗ ಅನಿಸುತ್ತದೆ. ಅಷ್ಟರಲ್ಲಿ ಕಂಡಕ್ಟರು ಬಂದ. ನಾನು ಟಿಕೇಟು ತೆಗೆದುಕೊಂಡು ಸುಮ್ಮನಾದೆ. ಅವಳು ಮತ್ತೆ ಕೇಳಲಿಲ್ಲ.

ಆ ಮಂಗಳವಾರ ಹೊಸ್ತಿಲ ಹೊರಗೆ ಕೂತಿದ್ದಾಗ ಪುಟ್ಟತಾಯಮ್ಮ ಬಂದರು. ಅವತ್ತು ಕಲ್ಲು ತೊಳೆದ ಹನ್ನೊಂದು ಜನದಲ್ಲಿ ದೊಡ್ಡವರು ಅವರು, ವರಸೆಯಲ್ಲಿ ನನಗೆ ಚಿಕ್ಕವ್ವ. ಈಗ ಕೋಲು ಹಿಡಿದು ನಡೆಯುತ್ತಾರೆ. ದಿನಾ ಬೆಳಿಗ್ಗೆ ಹೂವಿನ ಬುಟ್ಟಿ ತಂದು ನನ್ನ ಕೈಗೆ ಕೊಟ್ಟು ಹೋಗುವುದು ಅವರ ಪದ್ಧತಿ. ನಾನು ಏಳದಿದ್ದುದನ್ನು ನೋಡಿ ಪಕ್ಕದಲ್ಲಿ ಕೂತರು.

“ಚಿಕ್ಕವ್ವ, ಜಯನ್ ತಪ್ಪಲ್ಲ ಅದು,” ಅಂದೆ. “ಅವ್ಳು ನನ್ನ ಕೇಳಿದ್ಲು. ನಾನು ಪೇಂಟೇ ಆಕಿರ್ಲಿಲ್ಲ. ಆಕಿದೀನಿ ಅಂದೆ.”

ಹನ್ನೆರಡು ವರ್ಷ ಹೊತ್ತದ್ದು ಇಷ್ಟೇ ಮಾತಿನಲ್ಲಿ ಮುಗಿದುಹೋಯಿತು. ಅವರು ಬೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ಕೋಲನ್ನು ಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು.

“ಗೊತ್ತು ಕಣಪ್ಪ.”

“ಏನ್ ಗೊತ್ತು?”

“ಎಲ್ಲಾ. ಬಸ್ದಿ ಸಾಲಿಗ್ ಬಂದಾಗ ನೀರು ಕೆಂಪಗ್ ಹರೀತು. ನಾನೇ ಅಂದೆ, ಲೇ ಜಯ, ನಂಬ್ರು ಓಯ್ತಾ ಐತೆ ಕಣೆ, ಸಾಕು ಬುಡು ಅಂತ. ಅವ್ಳು, ಇಲ್ಲ ಚಿಕ್ಕವ್ವ, ನಮ್ಮೋರ್ನ ಕೇಳಿದೀನಿ, ಎಲ್ಲ ಪೇಂಟಂತೆ. ಓಗ್ತಿರೋದು ಮೇಲಿನ್ ಮಣ್ಣು. ಅಡೀಲ್ ಪೇಂಟ್ ಇರ್ತದೆ, ಒಣಗಿದ್ ಮೇಲೆ ಕಾಣ್ತದೆ ಅಂದ್ಲು. ನಾವೂ ಉಜ್ಜಿದ್ವಿ. ಆಮೇಲೆ ನಾವೆಲ್ಲ ಮನೀಗ್ ಬಂದ್ವಿ. ಅವ್ಳ್ ಬರ್ಲಿಲ್ಲ. ಒಣಗ್ಲಿ, ನೋಡ್ಕಂಡ್ ಬತ್ತೀನಿ ಅಂತ ಅಲ್ಲೇ ಕುಂತ್ಲು.”

“ಗೊತ್ತಿದ್ದೂ ಯಾಕ್ ಚಿಕ್ಕವ್ವ ಯಾರೂ ಯೋಳ್ಲಿಲ್ಲ?”

“ಯೋಳಿದ್ರೆ ಆಗೋದೇನು? ನಿನ್ ಕೆಲ್ಸ ಓಗದು. ನಮ್ ಹನ್ನೊಂದ್ ಮನೇಲೂ ಜಗ್ಳ ಆಗದು, ನೀನ್ಯಾಕ್ ಉಜ್ಜಕ್ ಓಗಿದ್ದೆ ಅಂತ. ಅವ್ಳೇ ಹೊತ್ಕಂಡ್ಳು. ಒಬ್ಬಳ್ ಮೇಲೆ ಬಿದ್ರೆ ಮಿಕ್ಕೋರ್ಗೆ ನೆಮ್ದಿ. ಕಲ್ ತೊಳ್ದೋಳು ಅಂತ ನಾನೂ ಅಂದಿದೀನಿ, ಸುಳ್ಯಾಕ್ ಯೋಳ್ಲಿ.”

“ಈಗ ಎಲ್ರ್ ಮುಂದೂ ಯೋಳ್ತೀನಿ. ಸಮಿತಿಯೋರ್ಗೂ ಯೋಳ್ತೀನಿ.”

“ಯೋಳು. ಬ್ಯಾಡ ಅಂದೋರ್ ಯಾರು. ಯಾರ್ಗೂ ಒಸ ಸುದ್ದಿ ಏನಲ್ಲ.” ಅವರು ನನ್ನ ಕಡೆ ತಿರುಗಿದರು. “ಅವ್ಳಿಗಾರಾ ಯೋಳಿದ್ಯಾ, ತಪ್ಪಾಯ್ತು ಅಂತ? ಇದ್ದಾಗ?”

ಇಲ್ಲ ಅಂದೆ.

ಪುಟ್ಟತಾಯಮ್ಮ ಕೋಲೂರಿ ಎದ್ದರು. ನಾನು ಬುಟ್ಟಿಗೆ ಕೈ ಚಾಚಿದೆ. ಹೂವಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು, ಹೊಸ್ತಿಲು ದಾಟಿ, ತಾವೇ ಒಳಗೆ ಹೋದರು.